ಚಕ್ಕುಬಂದಿಯ ನೆರೆಹೊರೆ

1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೇನೆ ಮೊದಲು ಬೆಂಗಳೂರಿನ ಪೇಟೆಯನ್ನು, ಆಮೇಲೆ ಕೋಟೆಯನ್ನು ಹಿಡಿಯಿತು. ಆ ಮುತ್ತಿಗೆಯ ನಕ್ಷೆ ಉಳಿದಿದೆ. ಇಂದಿನ ಚಿಕ್ಕಪೇಟೆಯನ್ನೂ, ಅವೆನ್ಯೂ ರಸ್ತೆಯಾಗಿರುವ ಅಂದಿನ ದೊಡ್ಡಪೇಟೆಯನ್ನೂ ಅದರ ಮೇಲೆ ಬೆರಳಾಡಿಸಿ ಗುರುತು ಹಿಡಿಯಬಹುದು. ಮನೆಗಳು ಎಷ್ಟು ಸಲ ಬಿದ್ದೆದ್ದರೂ ಬೀದಿಗಳು ಹೆಚ್ಚು ಕದಲಿಲ್ಲ. ಕೆರೆಗಳಿಗೆ ಆ ಭಾಗ್ಯವಿರಲಿಲ್ಲ: ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು.

ಆದರೆ ಅದು ದಂಡೆತ್ತಿ ಬಂದವರ ನಕ್ಷೆ. ಬಾಗಿಲು ಎಲ್ಲಿ, ಕಂದಕ ಎಲ್ಲಿ ಎನ್ನುವುದಷ್ಟೇ ಅವರಿಗೆ ಬೇಕಿತ್ತು. ಬಾಗಿಲ ಒಳಗೆ ಯಾರಿದ್ದರೆಂದು ಅವರು ಏಕೆ ಕೇಳುತ್ತಾರೆ?

ಹೆಸರು ಬೇಕೆಂದರೆ ಡೈರೆಕ್ಟರಿಗಳಿವೆ. ಕಲ್ಕತ್ತೆಯ ಥ್ಯಾಕರ್ಸ್, ಮದರಾಸಿನ ಅಸೈಲಂ ಪ್ರೆಸ್ಸಿನವರು ವರ್ಷವರ್ಷವೂ ದಪ್ಪ ಪುಸ್ತಕಗಳನ್ನು ಹೊರತರುತ್ತಿದ್ದರು. 1809ರಲ್ಲಿ ನೆಲೆಯೂರಿದ ದಂಡು ಪ್ರದೇಶದ ಸಾಹೇಬರನ್ನು ಅಲ್ಲಿ ಹುಡುಕುವುದು ಸುಲಭ. ಹುದ್ದೆ ಸಮೇತ ಸಿಗುತ್ತಾರೆ. ಅವರ ಕುದುರೆಗೆ ಹುಲ್ಲು ಹಾಕಿದವನು ಸಿಗುವುದಿಲ್ಲ. ಪೇಟೆಯ ನೇಕಾರನಂತೂ ಸಿಗುವ ಮಾತೇ ಇಲ್ಲ. ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ ಎಂದು ಬೀದಿಗಳೇ ಕಸುಬು ಹೇಳುತ್ತವೆ, ನಿಜ. ಅಷ್ಟಕ್ಕೇ ತೃಪ್ತರಾದರೆ ಗಾಣಿಗರೆಲ್ಲ ಒಬ್ಬನೇ ಗಾಣಿಗನಾಗಿಬಿಡುತ್ತಾರೆ.

ನನ್ನ ಮಟ್ಟಿಗೆ ಈ ನಾಡಿನ ಒಳ್ಳೆಯ ಡೈರೆಕ್ಟರಿ ಇರುವುದು ಟ್ರಂಕಿನ ತಳದಲ್ಲಿರುವ ಹಳೆಯ ಕ್ರಯಪತ್ರ, ಪಾಲುಪತ್ರಗಳಲ್ಲಿ. ಅಳತೆಯನ್ನು ನಂಬದ ನಮ್ಮ ಹಿರಿಯರು ನೆರೆಯವರನ್ನು ನಂಬಿದರು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ದೇವಸ್ಥಾನದ ಗೋಡೆ, ದಕ್ಷಿಣಕ್ಕೆ ಇಂಥವರ ಹಿತ್ತಿಲು: ಇದೇ ಚಕ್ಕುಬಂದಿ. ಒಂದು ಪತ್ರದ ಪೂರ್ವ ದಿಕ್ಕಿನವರು ಇನ್ನೊಂದು ಪತ್ರದಲ್ಲಿ ತಾವೇ ಮನೆಯೊಡೆಯರಾಗಿ ಬರುತ್ತಾರೆ. ಹೀಗೆ ಪತ್ರಕ್ಕೆ ಪತ್ರ ಹೊಂದಿಸುತ್ತ ಹೋದರೆ ಬೀದಿಯ ಒಂದು ಸಾಲು ಎದ್ದು ನಿಲ್ಲುತ್ತದೆ. ‘ಬಿನ್’ ಎಂದು ತಂದೆಯ ಹೆಸರು, ‘ಕೋಂ’ ಎಂದು ಗಂಡನ ಹೆಸರು. ಅದರ ಹಿಂದೆ, ಯಾವ ಡೈರೆಕ್ಟರಿಯೂ ಕೇಳದಿದ್ದ ಒಬ್ಬ ಹೆಂಗಸಿನ ಸ್ವಂತ ಹೆಸರು. ಸ್ವಂತ ಆಸ್ತಿ ಇಲ್ಲದೆ ಬಾಡಿಗೆಗಿದ್ದವರು ಇಲ್ಲಿಯೂ ಇಲ್ಲ ಎಂಬುದನ್ನು ಮರೆಯುವಂತಿಲ್ಲ.

ಮನೆ ಮಾರಿದಾಗ ಮೂಲಪತ್ರಗಳು ಕೊಂಡವರ ಕೈ ಸೇರುತ್ತವೆ, ಹಲವು ಸಲ ಅಲ್ಲಿಂದ ಬ್ಯಾಂಕಿನ ಕಪಾಟಿಗೆ. ಕೊಡುವ ಮುನ್ನ ಚಕ್ಕುಬಂದಿಯ ಆ ನಾಲ್ಕು ಸಾಲುಗಳನ್ನು ಇಸವಿಯೊಂದಿಗೆ ಒಂದು ಕಡೆ ಬರೆದಿಟ್ಟುಕೊಳ್ಳಿ.