ಮನೆಯ ಗುಟ್ಟು ಯಾರ ಸೊತ್ತು?

ಬೇಸಗೆಯ ರಜೆಗೂ ಕಾದಂಬರಿಗೂ ಹಳೆಯ ನಂಟು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲ. ಊಟವಾದ ಮೇಲೆ ನಿದ್ರೆ ಬರುವವರೆಗೆ ಕೈಯಲ್ಲೊಂದು ಪುಸ್ತಕ ಬೇಕು. ನಮ್ಮ ಹಿರಿಯರ ಕಾಲದಲ್ಲಿ ಆ ಹೊತ್ತನ್ನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ತುಂಬಿಕೊಡುತ್ತಿದ್ದ. ಅಂಥ ಕಥೆಯಲ್ಲಿ ಕಳ್ಳ ಸಿಕ್ಕಿದೊಡನೆ ಓದುಗನ ಮನಸ್ಸು ಹಗುರವಾಗುತ್ತಿತ್ತು. ಈಚೆಗೆ ಬರುತ್ತಿರುವ ಇನ್ನೊಂದು ಬಗೆಯ ಕುತೂಹಲದ ಕಾದಂಬರಿ ಹಾಗಲ್ಲ. ರಜೆಗೆಂದು ಒಂದು ಕುಟುಂಬ ಹಳೆಯ ಮನೆಯಲ್ಲಿ ಸೇರುತ್ತದೆ. ಅಕ್ಕತಂಗಿಯರು, ಅಳಿಯಂದಿರು, ಮೊಮ್ಮಕ್ಕಳು ನಾಲ್ಕು ದಿನ ನಗುನಗುತ್ತ ಇರುತ್ತಾರೆ. ಐದನೆಯ ದಿನ ಪೆಟ್ಟಿಗೆಯೊಂದರಿಂದ ಹಳೆಯ ಪತ್ರ ಹೊರಬೀಳುತ್ತದೆ. ಕೊನೆಯ ಪುಟದ ಹೊತ್ತಿಗೆ ಎಲ್ಲರೂ ಮೂವತ್ತು ವರ್ಷ ಒಂದು ಸುಳ್ಳಿನೊಡನೆ ಸಂಸಾರ ಮಾಡಿದ್ದರೆಂದು ತಿಳಿಯುತ್ತದೆ.

ಇಂಥ ಕಥೆಗಳನ್ನು ನಾನು ಇಷ್ಟಪಟ್ಟೇ ಓದುತ್ತೇನೆ. ಆದರೆ ಅವು ನನ್ನಲ್ಲಿ ಎಬ್ಬಿಸುವ ಕುತೂಹಲವೆಲ್ಲ ಒಂದೇ: ಗುಟ್ಟು ಯಾವುದು? ಪುಸ್ತಕ ಮುಚ್ಚಿದ ಮೇಲೆ ಬೇರೊಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಮುಚ್ಚಿಡುವ ಅಧಿಕಾರ ಯಾರಿಗಿತ್ತು? ಬಿಚ್ಚುವ ಅಧಿಕಾರ ಯಾರಿಗಿತ್ತು?

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆ ನಮ್ಮಲ್ಲಿದೆ. ಸಂಸಾರದ ಸಂಗತಿಯನ್ನು ಒಳಗಿಟ್ಟುಕೊಳ್ಳಬೇಕು. ಕಾಯಿಲೆಯನ್ನು ನಾಲ್ವರಿಗೆ ಹೇಳಬೇಕು, ಯಾರಾದರೊಬ್ಬರು ಮದ್ದು ಹೇಳಿಯಾರು. ಗಾದೆ ಕಟ್ಟಿದವರು ಜಾಣರು. ಆದರೆ ಗುಟ್ಟೇ ವ್ಯಾಧಿಯಾದಾಗ ಏನು ಮಾಡಬೇಕೆಂಬುದನ್ನು ಅವರು ನಮ್ಮ ವಿವೇಚನೆಗೆ ಬಿಟ್ಟಿದ್ದಾರೆ.

ಕೊಪ್ಪಳದ ಕಡೆಯ ಹಳೆಯ ಮನೆಗಳನ್ನು ನೆನೆದಾಗ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಅಲ್ಲಿ ರಜೆಗೆ ಸೂಟಿ ಎನ್ನುತ್ತಾರೆ. ಸೂಟಿಗೆ ಬಂದ ಮೊಮ್ಮಕ್ಕಳು ರಾತ್ರಿ ಮಣ್ಣಿನ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಾರೆ. ಹಿರಿಯರು ಪಕ್ಕದಲ್ಲಿ ಕುಳಿತು ಮಾತಾಡುತ್ತಾರೆ. ಮಾತು ಯಾವುದೋ ಒಂದು ಹೆಸರಿಗೆ ಬಂದಾಗ ಅಜ್ಜಿ, “ಹುಡುಗರು ಇನ್ನೂ ಎಚ್ಚರ ಅದಾವ, ಸುಮ್ಮನಿರ್ರಿ” ಎನ್ನುತ್ತಾಳೆ. ಕಣ್ಣು ಮುಚ್ಚಿಕೊಂಡಿದ್ದ ಹುಡುಗರಿಗೆ ಈ ಮನೆಯಲ್ಲಿ ಏನೋ ಇದೆಯೆಂದು ಅಂದೇ ಗೊತ್ತಾಗುತ್ತದೆ. ಕೆಳಗೆ ಅಜ್ಜನ ಟ್ರಂಕಿನಲ್ಲಿ ಕಾಗದಪತ್ರಗಳಿರುತ್ತವೆ. ಈ ಸೀಮೆ 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ಹೊಲದ, ಪಾಲಿನ, ಸಾಲದ ಹಳೆಯ ಕಾಗದಗಳು ಆ ಲಿಪಿಯಲ್ಲಿದ್ದರೆ ಮೊಮ್ಮಕ್ಕಳಿಗೆ ಅವನ್ನು ಓದಲು ಬಾರದು. ಯಾರೂ ಮುಚ್ಚಿಡದೆಯೇ ಸಂಗತಿ ಮುಚ್ಚಿಕೊಂಡಿರುತ್ತದೆ.

ಗುಟ್ಟೆಲ್ಲ ಪಾಪವೆಂದು ನಾನು ಒಪ್ಪಲಾರೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಳೆ ನಂಬಿದ ಊರುಗಳಿಂದ ಜನ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಅಲ್ಲಿ ತಗಡಿನ ಗುಡಿಸಿಲಲ್ಲಿ ಮಲಗುವ ಮಗ ಫೋನಿನಲ್ಲಿ “ಆರಾಮ ಅದೀನಿ, ಅವ್ವ” ಎನ್ನುತ್ತಾನೆ. ಇಲ್ಲಿ ಎದೆನೋವು ನುಂಗಿಕೊಂಡ ಅವ್ವನೂ “ನಾನೂ ಆರಾಮ ಅದೀನಪ್ಪ” ಎನ್ನುತ್ತಾಳೆ. ಇಬ್ಬರೂ ಸುಳ್ಳಾಡಿದರು. ಇದನ್ನು ಅಸತ್ಯವೆಂದು ಖಂಡಿಸುವ ಧರ್ಮಶಾಸ್ತ್ರ ನನಗೆ ಬೇಡ. ಏಕೆಂದರೆ ಇಬ್ಬರೂ ಮುಚ್ಚಿಟ್ಟದ್ದು ತಮ್ಮ ತಮ್ಮ ನೋವನ್ನು. ಅದರ ಭಾರವನ್ನು ಹೊತ್ತವರೂ ತಾವೇ. ಅವ್ವನ ಎದೆನೋವಿನ ಮಟ್ಟಿಗೆ ಮಾತ್ರ ಗಾದೆಯ ಎರಡನೆಯ ಅರ್ಧವನ್ನು ಯಾರಾದರೂ ಅವಳಿಗೆ ನೆನಪಿಸಬೇಕು.

ಇನ್ನೊಂದು ಮನೆಯನ್ನು ನೋಡಿ. ಸೂಟಿಗೆಂದು ತಂಗಿಯನ್ನು ತವರಿಗೆ ಕರೆಸುತ್ತಾರೆ. ಶೀಕರಣೆಯ ಊಟ, ಹೊಸ ಸೀರೆ, ಉಡಿ ತುಂಬುವ ಶಾಸ್ತ್ರ ಎಲ್ಲ ಆಗುತ್ತದೆ. ಹೊರಡುವ ಹಿಂದಿನ ದಿನ ಅಣ್ಣ ಒಂದು ಕಾಗದ ತಂದು “ಇಲ್ಲೊಂದು ಸಹಿ ಮಾಡವ್ವ” ಎನ್ನುತ್ತಾನೆ. ಅದು ಹಕ್ಕು ಬಿಡುಗಡೆ ಪತ್ರ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾಗಿರುವುದನ್ನು ಆ ಮನೆಯಲ್ಲಿ ಯಾರೂ ಅವಳಿಗೆ ಹೇಳಿಲ್ಲ. ಇದಕ್ಕೂ ಮನೆಯ ಗುಟ್ಟು ಎಂದೇ ಹೆಸರು. ಆದರೆ ಇಲ್ಲಿ ಮುಚ್ಚಿಟ್ಟವನೊಬ್ಬ, ಬೆಲೆ ತೆರುವವಳು ಇನ್ನೊಬ್ಬಳು. ಮೊದಲಿನದಕ್ಕೂ ಇದಕ್ಕೂ ಇರುವ ಅಂತರ ಇಷ್ಟೇ. ನನ್ನ ಮಟ್ಟಿಗೆ ಒಳಿತು ಕೆಡಕನ್ನು ಅಳೆಯಲು ಈ ಅಂತರವೇ ಸಾಕು.

ಮುಚ್ಚಿಡುವುದು ಯಾವಾಗಲೂ ಒಬ್ಬರಿಂದಲೇ ಆಗುವುದಿಲ್ಲವೆಂಬುದನ್ನೂ ಗಮನಿಸಬೇಕು. ಗಂಗಾವತಿಯ ಹತ್ತಿರ ಆನೆಗೊಂದಿಯ ಸುತ್ತಣ ಬಂಡೆಬೆಟ್ಟಗಳನ್ನು ಜನ ಕಿಷ್ಕಿಂಧೆಯೆಂದು ತೋರಿಸುತ್ತಾರೆ. ಕಿಷ್ಕಿಂಧೆಯ ಕಥೆಯೂ ಒಂದು ಮನೆಯ ಗುಟ್ಟಿನ ಕಥೆಯೇ. ರಾಕ್ಷಸನನ್ನು ಅಟ್ಟಿಕೊಂಡು ವಾಲಿ ಗುಹೆ ಹೊಕ್ಕ. ತಮ್ಮ ಬಾಗಿಲಲ್ಲಿ ನಿಂತ. ವರ್ಷ ಕಳೆಯಿತು. ನೊರೆಗೂಡಿದ ರಕ್ತ ಹೊರಗೆ ಹರಿಯಿತು. ಅಣ್ಣ ಸತ್ತನೆಂದು ಬಗೆದ ಸುಗ್ರೀವ ಗುಹೆಗೆ ಬಂಡೆ ಮುಚ್ಚಿ ಊರಿಗೆ ಬಂದ. ವಾಲ್ಮೀಕಿ ರಾಮಾಯಣದಲ್ಲಿ ಸುಗ್ರೀವನೇ ರಾಮನಿಗೆ ಹೇಳುತ್ತಾನೆ: ನಡೆದದ್ದನ್ನು ತಾನು ಬಚ್ಚಿಟ್ಟಿದ್ದೆ, ಆದರೂ ಮಂತ್ರಿಗಳು ತಿಳಿದುಕೊಂಡು ತನಗೆ ಪಟ್ಟ ಕಟ್ಟಿದರು ಎಂದು. ಏಕೆ ಬಚ್ಚಿಟ್ಟ? ದುಃಖವೋ, ಅಂಜಿಕೆಯೋ, ಎದೆಯ ಮೂಲೆಯಲ್ಲೊಂದು ಆಸೆಯೋ? ಆಮೇಲೆ ವಾಲಿ ಬಂದ. ತಮ್ಮ ಕಾಲಿಗೆರಗಿ ರಾಜ್ಯವನ್ನು ಮುಂದಿಟ್ಟರೂ ಕೇಳಲಿಲ್ಲ; ಉಟ್ಟ ಬಟ್ಟೆಯಲ್ಲಿ ಅವನನ್ನು ಹೊರಗಟ್ಟಿದ. ಒಂದೇ ವರ್ಷದ ಅರ್ಧ ಗುಹೆಯ ಒಳಗಿದ್ದವನಿಗೆ ಗೊತ್ತು, ಇನ್ನರ್ಧ ಹೊರಗಿದ್ದವನಿಗೆ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವಷ್ಟು ತಾಳ್ಮೆ ಆ ಮನೆಯಲ್ಲಿರಲಿಲ್ಲ. ತಮ್ಮನಲ್ಲಿ ಹೇಳುವ ಧೈರ್ಯ ತಡವಾಗಿ ಬಂತು. ಅಣ್ಣನಲ್ಲಿ ಕೇಳುವ ಕಿವಿ ಬರಲೇ ಇಲ್ಲ. ಗುಟ್ಟನ್ನು ಬೆಳೆಸಿದ ಪಾಲು ಇಬ್ಬರದೂ ಹೌದು.

ಇವೆಲ್ಲಕ್ಕಿಂತ ಕಠಿಣವಾದ ಗುಟ್ಟೊಂದು ಈ ಜಿಲ್ಲೆಯಲ್ಲಿದೆ. ದೇವದಾಸಿ ಬಿಡುವುದನ್ನು ನಮ್ಮ ರಾಜ್ಯ 1982ರ ಕಾಯಿದೆಯಿಂದ ನಿಷೇಧಿಸಿತು. ಆದರೆ ಆ ತಾಯಂದಿರೂ ಅವರ ಮಕ್ಕಳೂ ಕೊಪ್ಪಳ ಸೀಮೆಯ ಊರುಗಳಲ್ಲಿ ಬಾಳುತ್ತಲೇ ಇದ್ದಾರೆ. ಸೂಟಿ ಮುಗಿದು ಶಾಲೆ ತೆರೆದಾಗ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಕಡೆ ಅಂಥ ಮಗುವಿನ ಕೈ ನಿಲ್ಲುತ್ತದೆ. ಎಷ್ಟೋ ವೇಳೆ ಆ ಹೆಸರು ಊರಿಗೆ ಗೊತ್ತು. ಆತ ಅದೇ ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಗೌರವದಿಂದ ಕುಳಿತಿರಲೂಬಹುದು. ಊರೆಲ್ಲ ಬಲ್ಲ ಸಂಗತಿಯನ್ನು ಒಂದು ಮಗು ಮಾತ್ರ ಗುಟ್ಟಾಗಿ ಕಾಯಬೇಕು. ಕಾದದ್ದರ ಮಾನ ದೊಡ್ಡವನಿಗೆ, ಅವಮಾನ ಮಗುವಿಗೆ. ಯಾವ ಕಾದಂಬರಿಕಾರನೂ ಇದಕ್ಕಿಂತ ಕ್ರೂರವಾದ ಸನ್ನಿವೇಶವನ್ನು ಕಲ್ಪಿಸಲಾರ. 2025ರಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆ ತಂದೆಯ ಹೆಸರನ್ನು ಬರೆಯಲೇಬೇಕೆಂಬ ಕಟ್ಟನ್ನು ಸಡಿಲಿಸಿತು. ಬೇಕೆಂದವರು ತಂದೆಯನ್ನು ಗೊತ್ತುಪಡಿಸಿಕೊಳ್ಳುವ ದಾರಿಯನ್ನೂ ತೆರೆಯಿತು. ಹೇಳದಿರುವ ಹಕ್ಕು, ತಿಳಿಯುವ ಹಕ್ಕು, ಎರಡೂ ಮಗುವಿನದು. ಭಾರ ಹೊತ್ತವರ ಕೈಯಲ್ಲಿಯೇ ಬೀಗದ ಕೈ ಇರಲಿ ಎಂಬ ನೀತಿಯನ್ನು ನಾನು ಇದರಲ್ಲಿ ಕಾಣುತ್ತೇನೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಒಂದೇ ಗುಟ್ಟಿನ ಭಾರವನ್ನು ತಾಯಿ, ಮಗು ಇಬ್ಬರೂ ಹೊತ್ತಿದ್ದರೆ? ತಾಯಿಗೆ ಮರೆಯಬೇಕು, ಮಗುವಿಗೆ ತಿಳಿಯಬೇಕು. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಹೊತ್ತು ಯಾವುದೆಂಬುದನ್ನು ತಾಯಿ ಆರಿಸಿಕೊಳ್ಳಲಿ, ಆದರೆ ಆ ಹೊತ್ತು ಬಾರದೇ ಹೋಗದಿರಲಿ ಎಂದಷ್ಟೇ ಹೇಳಬಲ್ಲೆ. 1965ರಲ್ಲಿ ಬಂದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಗಳನ್ನು ನೆನೆಯಿರಿ. ವಂಶವನ್ನೇ ಬಾಳಿನ ಆಧಾರವೆಂದು ನಂಬಿದ ಆ ಹಿರಿಯರಿಗೆ ತಮ್ಮ ಹುಟ್ಟಿನ ನಿಜ ತಿಳಿದದ್ದು ಇಳಿವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ, ಎದುರಿಗೆ ಕುಳ್ಳಿರಿಸಿಕೊಂಡು “ಏಕೆ ಹೀಗಾಯಿತಮ್ಮ?” ಎಂದು ಕೇಳಲು ತಾಯಿಯಿರಲಿಲ್ಲ. ನಿಜಕ್ಕಿಂತಲೂ ಆ ಒಂಟಿತನ ನನಗೆ ದೊಡ್ಡ ಶಿಕ್ಷೆಯಾಗಿ ಕಾಣುತ್ತದೆ.

ಬರುವ ಸೂಟಿಯಲ್ಲಿ ಯಾರ ಮನೆಯಲ್ಲಾದರೂ ಅಜ್ಜನ ಟ್ರಂಕು ತೆರೆದೀತು. ಉರ್ದು ಬಲ್ಲ ಹಿರಿಯರನ್ನು ಕರೆತಂದು ಕಾಗದ ಓದಿಸುವುದು ಕಷ್ಟವೇನಲ್ಲ. ಅದಕ್ಕೆ ಮೊದಲು ಅಜ್ಜಿಯ ಪಕ್ಕದಲ್ಲಿ ಕುಳಿತು, ಇದನ್ನು ಓದಿಸಬಹುದೇ ಎಂದು ಒಂದು ಮಾತು ಕೇಳುವುದು ಒಳ್ಳೆಯದು. ಆಕೆ ಬೇಡವೆಂದರೆ ಏಕೆಂದು ಕೇಳಿ, ಉತ್ತರ ಬರುವವರೆಗೆ ಎದ್ದು ಹೋಗದಿದ್ದರೆ ಇನ್ನೂ ಒಳ್ಳೆಯದು.