ಲೆಕ್ಕ ನಮ್ಮದು, ಬಿಲ್ ಯಾರಿಗೆ?

ಬೈಬಲ್ ತೆಗೆಯಿರಿ. ಲೂಕನ ಸುವಾರ್ತೆ 14ನೇ ಅಧ್ಯಾಯ, 25ರಿಂದ 33ನೇ ವಚನದವರೆಗೆ.

ಯೇಸುವಿನ ಹಿಂದೆ ಜನರ ದೊಡ್ಡ ಗುಂಪು ಬರ್ತಾ ಇದೆ. ನಾವಾಗಿದ್ರೆ ಫೋಟೋ ತೆಗೆದು ಸ್ಟೇಟಸ್ ಹಾಕ್ತಿದ್ವಿ. ಆದರೆ ಆತನು ತಿರುಗಿ ನಿಂತು, ಮೊದಲು ಕೂತು ಖರ್ಚು ಲೆಕ್ಕ ಹಾಕಿ ಅಂತಾನೆ. ಅಡಿಪಾಯ ಹಾಕಿ ಅರ್ಧಕ್ಕೆ ಬಿಟ್ಟ ಗೋಪುರ ನೋಡಿ ಊರೇ ನಗುತ್ತೆ, ಅಲ್ವಾ?

ಯಸಳೂರಿನಿಂದ ಬೆಂಗಳೂರಿಗೆ ಹೋಗಿ ಕೆಲಸ ಮಾಡ್ತಿರೋ ನಿಮಗೆ ಈ ಲೆಕ್ಕ ಹೊಸದಲ್ಲ. ಕಾಫಿ ಗಿಡ ನೆಟ್ಟರೆ ಮೂರು ನಾಲ್ಕು ವರ್ಷ ಬರೀ ಖರ್ಚೇ. ಗೊಬ್ಬರ, ಕಳೆ, ಕೂಲಿ. ಮಾರ್ಚ್, ಏಪ್ರಿಲ್‌ನ ಹೂಮಳೆ ಕೈಕೊಟ್ಟರೆ ಆ ವರ್ಷದ ಫಸಲೇ ಸಂಶಯ. ಆದರೂ ಅಪ್ಪ ಗಿಡ ಕಿತ್ತು ಹಾಕಲಿಲ್ಲ. ಶಿಷ್ಯತ್ವವೂ ಹಾಗೇ. ದೀಕ್ಷಾಸ್ನಾನದ ದಿನ ಒಂದೇ ಸಲ ಕೊಟ್ಟು ಮುಗಿಸೋ ಬೆಲೆ ಅಲ್ಲ ಅದು, ಪ್ರತಿದಿನ ಹೊರುವ ಶಿಲುಬೆ.

ನಮ್ಮ ನಾಡಿನಲ್ಲೇ ಇದನ್ನು ಕೊಟ್ಟವರಿದ್ದಾರೆ. ಮಂಗಳೂರಿನ ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿದ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದರು. ಮನೆ, ಜಾತಿ, ಬಂಧುಗಳು ದೂರವಾದರು. ದೇವಶಾಸ್ತ್ರ ಕಲಿಯಲು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದವರು, 1851ರಲ್ಲಿ ತನ್ನನ್ನು ದೂರ ಮಾಡಿದ ಈ ನಾಡಿಗೇ ಸೇವೆಗೆಂದು ವಾಪಸ್ ಬಂದರು. ಬೆಲೆಯನ್ನು ತಾವೇ ತೆತ್ತರು, ಬೇರೆಯವರ ಹೆಗಲಿಗೆ ಹಾಕಲಿಲ್ಲ.

ಈಗ 26ನೇ ವಚನ. ತಂದೆತಾಯಿಯನ್ನು ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಅನ್ನೋ ಅರ್ಥದ ಮಾತು ಅಲ್ಲಿದೆ. ಕಠಿಣ ಮಾತು. ಇದು ದ್ವೇಷ ಅಲ್ಲ, ಮೊದಲ ಸ್ಥಾನ ಯಾರಿಗೆ ಅನ್ನೋ ಪ್ರಶ್ನೆ. ಯಾಕಂದ್ರೆ ಇದೇ ಯೇಸು ಶಿಲುಬೆಯ ಮೇಲೆ ಪ್ರಾಣ ಬಿಡುವಾಗಲೂ ತಾಯಿಯನ್ನು ತನ್ನ ಶಿಷ್ಯನ ಕೈಗೆ ಒಪ್ಪಿಸಿದನು. ಯೋಹಾನ 19 ಓದಿ. ಮಾರ್ಕ 7ರಲ್ಲಿ ಇನ್ನೂ ಖಡಕ್ಕಾಗಿ ಮಾತಾಡ್ತಾನೆ. ಅಪ್ಪಅಮ್ಮನಿಗೆ ಸಲ್ಲಬೇಕಾದ್ದನ್ನು "ಕೊರ್ಬಾನ್, ದೇವರಿಗೆ ಮೀಸಲು" ಅಂತ ಹೇಳಿ ಕೈ ತೊಳೆದುಕೊಂಡವರನ್ನು ಗದರಿಸ್ತಾನೆ.

ಪ್ರಿಯರೇ, ಇವತ್ತಿನ ಕೊರ್ಬಾನ್ ಹೇಗಿರುತ್ತೆ ಗೊತ್ತಾ? ಆರಾಧನಾ ತಂಡದಲ್ಲಿ ಹೊಸ ಗಿಟಾರ್ ಇದೆ, ಹಣ್ಣು ಕೊಯ್ಯೋ ಆಳಿಗೆ ಕೂಲಿ ಕೊಡಕ್ಕೆ ಅಪ್ಪ ಸಾಲ ಮಾಡ್ತಿದ್ದಾರೆ. ಕ್ಯಾಂಪಿಗೆ ರಜೆ ಸಿಗುತ್ತೆ, ಅಮ್ಮನ ಮೊಣಕಾಲು ತೋರಿಸಕ್ಕೆ ಹಾಸನಕ್ಕೆ ಕರೆದುಕೊಂಡು ಹೋಗಕ್ಕೆ ರಜೆ ಸಿಗಲ್ಲ. ಕೇಳಿದರೆ, "ನಾನು ಕರ್ತನಿಗಾಗಿ ಎಲ್ಲಾ ಬಿಟ್ಟಿದ್ದೀನಿ." ತಮ್ಮಾ, ನೀನು ಬಿಟ್ಟಿದ್ದೇನು? ಬಿಲ್ ಅವರಿಗೆ ಕಳಿಸಿದ್ದೀಯ, ಅಷ್ಟೇ.

ಹಾಗಂತ ಅವರು ಹೇಳಿದ್ದಕ್ಕೆಲ್ಲಾ ತಲೆಯಾಡಿಸಿ ಅಂತಲ್ಲ. ವಿಶ್ವಾಸ ಬಿಡು ಅಂದರೆ ಬಿಡಬೇಡಿ. ವರದಕ್ಷಿಣೆ ತಗೋ ಅಂದರೆ ಬೇಡ ಅನ್ನಿ. ಆ ಸಿಟ್ಟು, ಆ ಒಂಟಿತನ ನಿಮ್ಮ ಪಾಲಿನ ಬೆಲೆ, ಅದನ್ನು ಹೊತ್ತುಕೊಳ್ಳಿ. ಆದರೆ ಮನೆಯವರು ನಿಮ್ಮನ್ನು ನೋಡಿ, "ಯೇಸುವಿನ ಹತ್ತಿರ ಹೋದಮೇಲೆ ಮಗ ಜವಾಬ್ದಾರಿ ಮರೆತ" ಅನ್ನೋ ಹಾಗಾಗಬಾರದು.

ಇವತ್ತು ರಾತ್ರಿ ಕೂತು ಲೆಕ್ಕ ಹಾಕಿ. ನನ್ನ ಶಿಷ್ಯತ್ವಕ್ಕೆ ಯಾರು ಬೆಲೆ ಕೊಡ್ತಿದ್ದಾರೆ? ಆಮೇಲೆ ಮನೆಗೆ ಫೋನ್ ಮಾಡಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಬೆಲೆಯನ್ನು ನೀನೇ ಶಿಲುಬೆಯಲ್ಲಿ ಕೊಟ್ಟೆ. ನಮ್ಮ ಶಿಲುಬೆಯನ್ನು ಬೇರೆಯವರ ಹೆಗಲಿಗೆ ಹಾಕದೆ ನಿನ್ನ ಹಿಂದೆ ಬರಲು ಬಲ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.