ಕಾಳು ಮತ್ತು ಬೆಂಕಿ

ಕೊಡಗಿನ ಮಳೆಗಾಲವನ್ನು ಕಂಡವರಿಗೆ ಬೆಂಕಿಯ ಬೆಲೆಯನ್ನು ಹೇಳಬೇಕಾಗಿಲ್ಲ. ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ; ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹತ್ತುತ್ತದೆ. ಅಡಿಗೆಗೆ ಗ್ಯಾಸ್ ಬಂದಿದ್ದರೂ, ನಮ್ಮ ಹಳ್ಳಿಯ ಮನೆಯಲ್ಲಿ ಚಳಿ ಕಾಯಿಸಿಕೊಳ್ಳುವುದಕ್ಕೆ ಇಂದಿಗೂ ಹೊಟ್ಟಿನ ಒಲೆಯೇ ಗತಿ. ತಗಡಿನ ಡಬ್ಬದ ನಡುವೆ ದುಂಡನೆಯ ಕೋಲೊಂದನ್ನು ನಿಲ್ಲಿಸಿ, ಸುತ್ತಲೂ ಭತ್ತದ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಕೋಲನ್ನು ಮೆಲ್ಲನೆ ಎಳೆದುಕೊಂಡು, ಕೆಳಗಿನ ಕಂಡಿಯಿಂದ ಕಿಡಿ ಮುಟ್ಟಿಸಿದರೆ ಗಂಟೆಗಟ್ಟಲೆ ಕಾವು ಕೊಡುತ್ತದೆ.

ಹೊಟ್ಟನ್ನು ಸುಡುವಾಗ ಯಾರ ಮನಸ್ಸೂ ಅಳುಕುವುದಿಲ್ಲ. ಆದರೆ ಕಾಳನ್ನು?

ಕಳೆದ ವರ್ಷ ಈ ಪ್ರಶ್ನೆ ನನಗೆ ಎದುರಾಯಿತು. ಕಣಜದ ಮೇಲೆ ಸೋರಿ ಮೂರು ಚೀಲ ಭತ್ತ ಬೂಷ್ಟು ಹಿಡಿಯಿತು. ಅಂಥ ಕಾಳಿನಲ್ಲಿ ವಿಷವಿರಬಹುದು; ದನಕ್ಕೂ ಹಾಕುವಂತಿಲ್ಲ. ಒಣಗಿಸಿ, ಹೊಟ್ಟಿನೊಡನೆ ಬೆರೆಸಿ ಸುಡೋಣವೆಂದೆ. ದೊಡ್ಡಮ್ಮ ತಡೆದರು.

“ಹುತ್ತರಿಗೆ ‘ಪೊಲಿ ಪೊಲಿ’ ಅಂತ ಕೂಗಿ ಕದಿರು ಕೊಯ್ದ ಗದ್ದೆಯ ಭತ್ತ ಅದು. ಗೊಬ್ಬರದ ಗುಂಡಿಗೆ ಹಾಕು ಮಗಾ, ಮಣ್ಣಿಗಾದರೂ ಹೋಗಲಿ.”

ನಾನು ವಾದಿಸಿದೆ. ಅಮೆರಿಕದಲ್ಲಿ ಮೆಕ್ಕೆಜೋಳದ ಕಾಳನ್ನೇ ಉರಿಸಿ ಮನೆ ಬೆಚ್ಚಗಿಡುವ ಒಲೆಗಳಿವೆ. ಒಣಗಿದ ಕಾಳೂ ಒಣಗಿದ ಸೌದೆಯೂ ತೂಕಕ್ಕೆ ತೂಕ ಹೆಚ್ಚುಕಡಿಮೆ ಒಂದೇ ಶಾಖ ಕೊಡುತ್ತವೆ. ಬೆಂಕಿಗೆ ಭೇದವಿಲ್ಲ.

“ಬೆಂಕಿಗಿಲ್ಲ, ನಮಗಿರಬೇಡವೇನೋ?” ಎಂದರು.

ಆಗ ಬ್ರೆಜಿಲಿನ ಸಂಗತಿ ನೆನಪಾಯಿತು. ಬೆಲೆ ಇನ್ನೂ ಕುಸಿಯದಿರಲೆಂದು ಅಲ್ಲಿಯ ಸರಕಾರ 1931ರಿಂದ 1944ರವರೆಗೆ ಸುಮಾರು 7 ಕೋಟಿ 80 ಲಕ್ಷ ಚೀಲ ಕಾಫಿಯನ್ನು ನಾಶಮಾಡಿತು. ರೈಲಿನ ಎಂಜಿನ್ನಿಗೂ ಕಾಫಿ ಸೌದೆಯಾಯಿತು. ಕಾಫಿಯ ನಾಡಿನವನಾದ ನಾನು ಅದನ್ನು ಓದಿದಾಗ ಬೆಂಕಿ ಇಟ್ಟವರನ್ನೇ ಶಪಿಸಿದ್ದೆ. ಈಗ ತೋರುತ್ತದೆ, ತಪ್ಪು ಅದಕ್ಕಿಂತ ಬಹಳ ಮೊದಲೇ, ಬೆಲೆಯಿದ್ದಾಗ ಮಿತಿಮೀರಿ ಗಿಡ ನೆಟ್ಟ ವರ್ಷಗಳಲ್ಲೇ ನಡೆದಿತ್ತು.

ನನ್ನ ತಪ್ಪೂ ಒಲೆಯ ಬಳಿ ಇರಲಿಲ್ಲ. ಎರಡು ಹೆಂಚು ಒಡೆದದ್ದನ್ನು ಬೇಸಗೆಯಲ್ಲೇ ಕಂಡಿದ್ದೆ. ನಾಳೆ ನೋಡೋಣವೆಂದು ಮೂರು ತಿಂಗಳು ತಳ್ಳಿದ್ದೆ. ತೋಟದ ಲೈನ್ ಮನೆಯಾಕೆ ಒಬ್ಬಳು ಸ್ವಲ್ಪ ಭತ್ತ ಕೇಳಿದ್ದಳು. ಮಳೆ ಕಳೆಯಲಿ ಎಂದಿದ್ದೆ. ಸುಡಬಹುದೆ, ಬಾರದೆ ಎಂದು ಧರ್ಮಸೂಕ್ಷ್ಮವನ್ನು ಚರ್ಚಿಸುವುದು ಸುಲಭ. ಚರ್ಚೆಗೆ ಬರುವ ಹೊತ್ತಿಗೆ ಮಾಡಬೇಕಾದ ಧರ್ಮವೆಲ್ಲ ಕೈತಪ್ಪಿರುತ್ತದೆ.

ಭತ್ತವನ್ನು ಗುಂಡಿಗೆ ಹಾಕಿದೆ. ದೊಡ್ಡಮ್ಮನಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಈ ವರ್ಷ ಶಿವರಾತ್ರಿ ಕಳೆದ ಕೂಡಲೇ ಹೆಂಚು ಕೈಯಾಡಿಸಿದೆ. ಲೈನ್ ಮನೆಗೆ, ಆಕೆ ಕೇಳುವ ಮೊದಲೇ, ಒಂದು ಚೀಲ ಕಳಿಸಿದೆ. ಹೊರಗೆ ಮಳೆ ಸುರಿಯುತ್ತಿದೆ. ಒಲೆಯಲ್ಲಿ ಬರೀ ಹೊಟ್ಟು ಉರಿಯುತ್ತಿದೆ.